ಕ್ರಿಮಿ ಹೋಯಿತು, ಹೊಟ್ಟೆಗೆ ಇನ್ನೂ ಗೊತ್ತಾಗಿಲ್ಲ

ತರೀಕೆರೆಯಲ್ಲಿ ಕ್ಲಿನಿಕ್ ತೆರೆದು ಇಪ್ಪತ್ತೇಳು ವರ್ಷವಾಯಿತು. ವಾಂತಿ-ಭೇದಿ, ಟೈಫಾಯ್ಡ್, ಆಮಶಂಕೆ ಎಂದು ಬರುವವರನ್ನು ನೋಡುವುದು ನನಗೆ ಎಂದೂ ತಲೆನೋವಾಗಿಲ್ಲ. ಡ್ರಿಪ್ಸ್ ಹಾಕಿ, ಮಾತ್ರೆ ಕೊಟ್ಟರೆ ಮೂರನೇ ದಿನಕ್ಕೆ ಮುಖದಲ್ಲಿ ಕಳೆ ಬರುತ್ತದೆ. ತಲೆನೋವು ಶುರುವಾಗುವುದು ಒಂದೂವರೆ ತಿಂಗಳಾದ ಮೇಲೆ, ಅದೇ ಮನುಷ್ಯ ಜವಳಿ ಅಂಗಡಿಯ ಕವರಿನಲ್ಲಿ ರಿಪೋರ್ಟುಗಳನ್ನೆಲ್ಲ ತುಂಬಿಕೊಂಡು ಮತ್ತೆ ಬಂದು ಎದುರು ಕೂತಾಗ. ಹೊಟ್ಟೆ ಉಬ್ಬರ, ಹುಳಿತೇಗು, ಉಂಡ ಕೈ ತೊಳೆಯುವುದರೊಳಗೆ ಓಡಬೇಕಾದ ಅವಸರ. ಪರೀಕ್ಷೆ ಮಾಡಿಸಿದರೆ ಏನೂ ಸಿಗುವುದಿಲ್ಲ. "ಎಲ್ಲಾ ನಾರ್ಮಲ್ ಅಂತೀರಲ್ಲ ಡಾಕ್ಟ್ರೇ, ಹಂಗಾದ್ರೆ ನೋಯ್ತಿರೋ ಹೊಟ್ಟೆ ಯಾರ್ದು?" ಎಂದು ಅಡಿಕೆ ಮಂಡಿಯ ಸಾಹುಕಾರರೊಬ್ಬರು ಕೇಳಿದ್ದರು. ಅವತ್ತು ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ಕೆಲವು ಪೆಟ್ಟು ತಿಂದು ಕಲಿತದ್ದು.

1. ಕೋರ್ಸ್ ಮುಗಿದ ದಿನ ಬೇರೆ, ಹೊಟ್ಟೆ ವಾಸಿಯಾದ ದಿನ ಬೇರೆ

ಊರಲ್ಲಿ ಗಲಾಟೆಯಾಗಿ ತಣ್ಣಗಾದ ಮೇಲೂ ಪೊಲೀಸ್ ವ್ಯಾನು ಕೆಲವು ದಿನ ಅದೇ ಬೀದಿಯಲ್ಲಿ ನಿಂತಿರುತ್ತದೆ. ನಾಲ್ಕು ಜನ ಸೇರಿ ಹರಟೆ ಹೊಡೆದರೂ ಲಾಠಿ ಎತ್ತುತ್ತಾರೆ. ಕರುಳಿನೊಳಗೂ ಹಾಗೆಯೇ. ಕ್ರಿಮಿ ಸತ್ತ ಮೇಲೂ ಒಳಪದರದಲ್ಲಿ ರಕ್ಷಣೆಗೆ ಬಂದ ಕಣಗಳು ತಿಂಗಳುಗಟ್ಟಲೆ ಬೀಡುಬಿಟ್ಟಿರುತ್ತವೆ. ನರಗಳು ಎಚ್ಚರ ತಪ್ಪದೆ ಕಾಯುತ್ತಿರುತ್ತವೆ. ಮೊದಲು ಗೊತ್ತೇ ಆಗದಷ್ಟು ಗಾಳಿ ಈಗ ನೋವಾಗಿ ತಿಳಿಯುತ್ತದೆ. ಸೋಂಕಿನ ನಂತರದ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಎಂದು ವೈದ್ಯರು ಕರೆಯುವುದು ಇದನ್ನೇ. ಕರುಳಿನ ಸೋಂಕಾದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಅಂಟಿಕೊಳ್ಳುತ್ತದೆ.

ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ 2000ದ ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ಕ್ರಿಮಿ ಸೇರಿ 2,300ಕ್ಕೂ ಹೆಚ್ಚು ಜನ ಮಲಗಿದರು, ಏಳು ಜನ ಸತ್ತರು. ಉಳಿದವರನ್ನು ವೈದ್ಯರು ಎಂಟು ವರ್ಷ ಬಿಡದೆ ಹಿಂಬಾಲಿಸಿ ನೋಡಿದರು. ಕಾಯಿಲೆ ಬಿದ್ದವರಲ್ಲಿ ಎರಡು-ಮೂರು ವರ್ಷದ ನಂತರವೂ ಶೇ. 28ರಷ್ಟು ಮಂದಿಗೆ ಹೊಟ್ಟೆಯ ಕಾಟವಿತ್ತು. ಎಂಟನೇ ವರ್ಷಕ್ಕೆ ಅದು ಶೇ. 15ರ ಹತ್ತಿರಕ್ಕೆ ಇಳಿದಿತ್ತು. ಇದನ್ನು ಹೇಳಿದರೆ ಕೆಲವರು ಹೆದರುತ್ತಾರೆ, "ಎಂಟು ವರ್ಷವಾ ಸಾರ್?" ಎಂದು. ಹೆಚ್ಚಿನವರ ಮುಖ ಮಾತ್ರ ಸಡಿಲವಾಗುತ್ತದೆ. ಇದು ತನ್ನೊಬ್ಬನ ಹಣೆಬರಹವಲ್ಲ, ಇದಕ್ಕೊಂದು ಹೆಸರಿದೆ, ಇಳಿಯುತ್ತಾ ಬರುವ ಕಾಯಿಲೆ ಎಂದು ತಿಳಿದರೆ ಅರ್ಧ ಭಾರ ಇಳಿದ ಹಾಗೆ.

2. ಪರೀಕ್ಷೆಗೂ ಒಂದು ಮುಹೂರ್ತವಿದೆ

"ಕ್ರಿಮಿ ಪೂರ್ತಿ ಹೋಗಿದೆಯಾ ನೋಡಿಬಿಡಿ" ಎನ್ನುತ್ತಾರೆ. ಬೇಡಿಕೆ ಸರಿಯಾದದ್ದೇ, ಆದರೆ ತಪ್ಪು ಹೊತ್ತಿನಲ್ಲಿ ತಪ್ಪು ಪರೀಕ್ಷೆ ಮಾಡಿಸಿ ಗೊಂದಲ ಕೊಂಡುಕೊಳ್ಳುವವರೇ ಜಾಸ್ತಿ.

ಟೈಫಾಯ್ಡ್ ವಾಸಿಯಾದ ಮೇಲೂ ವಿಡಾಲ್ ರಕ್ತಪರೀಕ್ಷೆ ಪಾಸಿಟಿವ್ ಬರುತ್ತದೆ. ರಕ್ತದಲ್ಲಿ ಉಳಿದ ಪ್ರತಿಕಾಯದ ನೆನಪು ಅದು, ಜೀವಂತ ಕ್ರಿಮಿಯ ಗುರುತಲ್ಲ. ಆ ಚೀಟಿ ಹಿಡಿದು ವರ್ಷಕ್ಕೆ ಮೂರು ಸಲ ಟೈಫಾಯ್ಡ್ ಮಾತ್ರೆ ನುಂಗಿದವರನ್ನು ನಾನು ನೋಡಿದ್ದೇನೆ. ಜಠರದ ಎಚ್. ಪೈಲೋರಿ ಎಂಬ ಕ್ರಿಮಿಗೂ ರಕ್ತಪರೀಕ್ಷೆ ಇದೇ ಮೋಸ ಮಾಡುತ್ತದೆ. ಅದು ಹೋಗಿದೆಯೇ ಎಂದು ತಿಳಿಯಲು ಉಸಿರಿನ ಪರೀಕ್ಷೆ ಅಥವಾ ಮಲದ ಆಂಟಿಜೆನ್ ಪರೀಕ್ಷೆ ಬೇಕು. ಅದೂ ಆಂಟಿಬಯಾಟಿಕ್ ಮುಗಿದು ಕನಿಷ್ಠ ನಾಲ್ಕು ವಾರ ಕಳೆದಿರಬೇಕು, ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಬಿಟ್ಟು ಎರಡು ವಾರ ಆಗಿರಬೇಕು. ಅವಸರ ಮಾಡಿದರೆ, ಅಡಗಿ ಕೂತ ಕ್ರಿಮಿ ಇದ್ದರೂ ಇಲ್ಲ ಎಂದು ವರದಿ ಬರುತ್ತದೆ.

ಇನ್ನು ಅಮೀಬಾ. ನಮ್ಮ ಕಡೆ 'ಹಳೇ ಅಮೀಬಿಯಾಸಿಸ್' ಎಂಬ ಹಣೆಪಟ್ಟಿ ಹೊತ್ತು ಇಪ್ಪತ್ತು ವರ್ಷ ಓಡಾಡುವವರಿದ್ದಾರೆ. ಮಲದಲ್ಲಿ ಕಾಣುವ ಅಮೀಬಾಗಳಲ್ಲಿ ಕಾಯಿಲೆ ತರುವುದು ಒಂದು ಜಾತಿ. ಅದರ ಪಡಿಯಚ್ಚಿನಂತಿರುವ, ಏನೂ ತೊಂದರೆ ಕೊಡದ ಇನ್ನೊಂದು ಜಾತಿಯಿದೆ, ಹೆಸರು ಡಿಸ್ಪಾರ್. ಸೂಕ್ಷ್ಮದರ್ಶಕದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದು. ನಿರಪರಾಧಿಯನ್ನು ಕೊಲ್ಲಲು ಮೆಟ್ರೋನಿಡಜೋಲ್ ತಿಂದು ಬಾಯಿ ಕಹಿ ಮಾಡಿಕೊಂಡವರೆಷ್ಟೋ. ನಿಜವಾದ ಅಮೀಬಾ ಇದ್ದರೂ ಮೆಟ್ರೋನಿಡಜೋಲ್ ಒಂದೇ ಸಾಲದು. ಕರುಳಿನ ಪೊಳ್ಳಿನಲ್ಲಿ ಉಳಿಯುವ ಅದರ ಸಿಸ್ಟ್‌ಗಳಿಗೆ ಡೈಲಾಕ್ಸನೈಡ್‌ನಂಥ ಬೇರೆ ಮದ್ದು ಬೇಕು. ಅದನ್ನು ಬರೆಯಲು ಮರೆತ ಚೀಟಿಗಳು ನನ್ನ ಕೈಬರಹದಲ್ಲೂ ಇವೆ.

3. ಆಸಿಡ್ ಮಾತ್ರೆ ಬಿಡುವುದನ್ನೂ ಕಲಿಯಬೇಕು

ಇದು ನನ್ನದೇ ಕಥೆ. 2014ರಲ್ಲಿ ಎಂಡೋಸ್ಕೋಪಿ ಮಾಡಿಸಿಕೊಂಡಾಗ ನನ್ನ ಜಠರದಲ್ಲೂ ಎಚ್. ಪೈಲೋರಿ ಇತ್ತು. ಜಠರದ ಹುಣ್ಣಿಗೆ ಇದೇ ಕಾರಣ ಎಂದು ತೋರಿಸಲು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಈ ಕ್ರಿಮಿಯನ್ನು ತಾವೇ ಕುಡಿದಿದ್ದರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಪಡೆದರು. ನಾನು ಯಾವ ಸಾಹಸವನ್ನೂ ಮಾಡದೆ, ಯಾವುದೋ ಊರಿನ ನೀರಿನಿಂದಲೋ ಯಾರದೋ ಎಂಜಲಿನಿಂದಲೋ ಅದನ್ನು ಸಂಪಾದಿಸಿದ್ದೆ. ಹದಿನಾಲ್ಕು ದಿನ ಮಾತ್ರೆ ನುಂಗಿದೆ. ಇಡೀ ದಿನ ಬಾಯಲ್ಲಿ ಹಳೆಯ ನಾಲ್ಕಾಣೆ ನಾಣ್ಯ ಇಟ್ಟುಕೊಂಡ ಹಾಗೆ.

ಕೋರ್ಸ್ ಮುಗಿಯಿತು, ಪ್ಯಾಂಟೊಪ್ರಜೋಲ್ ಮಾತ್ರ ಮುಗಿಯಲಿಲ್ಲ. ಇರಲಿ, ಇರಲಿ ಎಂದು ಎಂಟು ತಿಂಗಳು ಎಳೆದೆ. ಒಂದು ದಿನ ನಿಲ್ಲಿಸಿದೆ. ಮೂರೇ ದಿನಕ್ಕೆ ಎದೆಯೊಳಗೆ ಒಲೆ. ಕ್ರಿಮಿ ವಾಪಸ್ ಬಂತೆಂದೇ ತೀರ್ಮಾನಿಸಿ ಎರಡನೇ ಕೋರ್ಸ್ ಬರೆದುಕೊಳ್ಳಲು ಪೆನ್ನು ತೆಗೆದಿದ್ದೆ. ನನ್ನ ಜೊತೆ ಓದಿದ ಒಬ್ಬ ಫೋನಿನಲ್ಲೇ ತಡೆದ: "ಮಾರಾಯ, ಬ್ರೇಕ್ ಮೇಲಿಂದ ಕಾಲು ತೆಗೆದರೆ ಗಾಡಿ ನುಗ್ಗಲ್ವಾ?" ತಿಂಗಳುಗಟ್ಟಲೆ ಅದುಮಿಟ್ಟ ಆಸಿಡ್, ಮಾತ್ರೆ ಬಿಟ್ಟ ಮೇಲೆ ಕೆಲವು ವಾರ ಮೊದಲಿಗಿಂತ ಜೋರಾಗಿಯೇ ಸುರಿಯುತ್ತದೆ. ಡೆನ್ಮಾರ್ಕಿನಲ್ಲಿ ಹೊಟ್ಟೆಯ ತೊಂದರೆಯೇ ಇಲ್ಲದ 120 ಜನರ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ವಾರ ಇಂಥ ಮಾತ್ರೆ ತಿಂದು ಬಿಟ್ಟವರಲ್ಲಿ ಶೇ. 44 ಮಂದಿಗೆ ಹೊಸದಾಗಿ ಎದೆಯುರಿ, ಅಜೀರ್ಣ ಕಾಣಿಸಿಕೊಂಡಿತು. ಕಾಯಿಲೆಯೇ ಇಲ್ಲದವರಿಗೆ ಮಾತ್ರೆಯೇ ಕಾಯಿಲೆ ತಂದಿತು.

ಈಗ ನಾನು ದಿನ ಬಿಟ್ಟು ದಿನ, ಆಮೇಲೆ ಎರಡು ದಿನ ಬಿಟ್ಟು ಒಮ್ಮೆ ಎಂದು ಇಳಿಸಲು ಹೇಳುತ್ತೇನೆ. ನಡುವೆ ಉರಿ ಬಂದರೆ ಸಾದಾ ಆಂಟಾಸಿಡ್. ಹುಣ್ಣಿನಿಂದ ರಕ್ತ ಹೋಗಿದ್ದವರು, ಹೃದಯಕ್ಕೆಂದು ಆಸ್ಪಿರಿನ್ ತಿನ್ನುವವರು, ನಿತ್ಯ ನೋವಿನ ಮಾತ್ರೆ ಬೇಕಾದವರು ತಾವಾಗಿಯೇ ಬಿಡಬಾರದು, ವೈದ್ಯರನ್ನು ಕೇಳಿಯೇ ಬಿಡಬೇಕು.

4. ಹಾಲಿಗೆ ಒಂದೆರಡು ತಿಂಗಳು ರಜೆ

ಭೇದಿಯಾದಾಗ ಸಣ್ಣ ಕರುಳಿನ ಮೇಲ್ಪದರ ಸವೆಯುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇರುವುದು ಆ ಪದರದ ತುದಿಯಲ್ಲೇ. ಅದು ಮತ್ತೆ ಚಿಗುರಲು ವಾರಗಳು ಬೇಕು. ಅಷ್ಟರೊಳಗೆ 'ಶಕ್ತಿ ಬರಲಿ' ಎಂದು ಮನೆಯವರು ದೊಡ್ಡ ಲೋಟದಲ್ಲಿ ಹಾಲು ಹಾಕಿದ ರಾಗಿಮಾಲ್ಟ್ ಕೊಡುತ್ತಾರೆ. ಹೊಟ್ಟೆ ಗುಡುಗುತ್ತದೆ, ಸೋಂಕು ಮರುಕಳಿಸಿತೆಂದು ನನ್ನ ಹತ್ತಿರ ಓಡಿ ಬರುತ್ತಾರೆ. ಮಜ್ಜಿಗೆ, ಮೊಸರು ಬಹಳ ಜನಕ್ಕೆ ಒಗ್ಗುತ್ತದೆ, ಹೆಪ್ಪಿನ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಒಂದಷ್ಟು ಮೊದಲೇ ತಿಂದಿರುತ್ತವೆ. ನಮ್ಮ ಅಜ್ಜಿಯರ ಮಜ್ಜಿಗೆ ತಂಬುಳಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹೊಕ್ಕುಳ ಬಟ್ಟಿ ಸರಿದಿದೆ ಎಂದು ಹೊಟ್ಟೆ ತಿಕ್ಕಿಸುವುದಕ್ಕೆ ಸೊನ್ನೆ.

5. ಪಥ್ಯ ಕಾಯಿಲೆಗಿಂತ ದೊಡ್ಡದಾಗಬಾರದು

ಅಂಗನವಾಡಿಯ ಟೀಚರಮ್ಮ ಒಬ್ಬರು ಗಂಜಿ, ಬ್ರೆಡ್ಡು, ಬೇಯಿಸಿದ ಕ್ಯಾರೆಟ್ ಬಿಟ್ಟು ಇನ್ನೇನನ್ನೂ ತಿನ್ನದೆ ಹತ್ತು ತಿಂಗಳು ಕಳೆದಿದ್ದರು. ಮೊದಲು ಖಾರ ಬಿಟ್ಟರು, ಆಮೇಲೆ ಬೇಳೆ, ಆಮೇಲೆ ಸೊಪ್ಪು, ಕೊನೆಗೆ ಹಣ್ಣು. ನೋವು ಹೋಗಲಿಲ್ಲ, ಕೂದಲು ಹೋಯಿತು. ಅವರ ಪಟ್ಟಿಯಲ್ಲಿದ್ದ ಬ್ರೆಡ್ಡಿನ ಗೋಧಿಯೇ ಅವರಿಗೆ ಉಬ್ಬರ ತರುತ್ತಿತ್ತು ಎಂದು ಗೊತ್ತಾದಾಗ ಇಬ್ಬರೂ ನಕ್ಕೆವು.

ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಕಡಲೆ, ರಾಜ್ಮಾಗಳಲ್ಲಿ ಕರುಳು ಹೀರಿಕೊಳ್ಳಲಾಗದ ಕೆಲವು ಸಕ್ಕರೆಗಳಿವೆ. ಅವು ದೊಡ್ಡ ಕರುಳಿಗೆ ಇಳಿದು ಹುದುಗಿ ಗಾಳಿಯಾಗುತ್ತವೆ. ಇಂಥವನ್ನೆಲ್ಲ ಪಟ್ಟಿ ಮಾಡಿ ಫಾಡ್‌ಮ್ಯಾಪ್ ಎಂದು ಹೆಸರಿಟ್ಟದ್ದು ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು. ಅವರು ಹೇಳುವುದು ಎರಡರಿಂದ ಆರು ವಾರ ಬಿಡಿ, ಆಮೇಲೆ ಒಂದೊಂದಾಗಿ ವಾಪಸ್ ತನ್ನಿ, ಯಾವುದು ನಿಮಗೆ ಆಗದೋ ಅದನ್ನಷ್ಟೇ ಕಡಿಮೆ ಮಾಡಿ ಎಂದು. ಬಿಡುವ ಭಾಗ ಎಲ್ಲರಿಗೂ ಇಷ್ಟ, ವಾಪಸ್ ತರುವ ಭಾಗ ಯಾರಿಗೂ ನೆನಪಿರುವುದಿಲ್ಲ. ಅಡುಗೆಮನೆಯ ಒಂದು ಉಪಾಯ: ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕರಿದು ಎತ್ತಿಹಾಕಿ, ಆ ಎಣ್ಣೆಯಲ್ಲೇ ಒಗ್ಗರಣೆ ಕೊಡಿ. ಆ ಸಕ್ಕರೆ ನೀರಿಗೆ ಇಳಿಯುತ್ತದೆ, ಎಣ್ಣೆಗೆ ಇಳಿಯದು. ಘಮ ಸಿಗುತ್ತದೆ, ಗಾಳಿ ಸಿಗುವುದಿಲ್ಲ.

6. ಇನ್ನೊಂದು ಆಂಟಿಬಯಾಟಿಕ್ ಬೇಡ

ಮೆಡಿಕಲ್ ಶಾಪಿನಲ್ಲಿ "ಲೂಸ್ ಮೋಷನ್ ಮಾತ್ರೆ" ಎಂದರೆ ಎರಡು ಮದ್ದು ಬೆರೆಸಿದ ಪಟ್ಟಿ ಕೈಗೆ ಬರುತ್ತದೆ. ಸೋಂಕು ಇಲ್ಲದ ಹೊಟ್ಟೆಗೆ ಅದು ಬಿದ್ದರೆ ಉಳಿದ ಒಳ್ಳೆಯ ಬ್ಯಾಕ್ಟೀರಿಯಾಗಳೂ ಹೋಗುತ್ತವೆ. ಆಂಟಿಬಯಾಟಿಕ್ ಮುಗಿದ ವಾರಗಳಲ್ಲಿ, ಕೆಲವೊಮ್ಮೆ ಎರಡು-ಮೂರು ತಿಂಗಳೊಳಗೆ, ದಿನಕ್ಕೆ ಹತ್ತಾರು ಸಲ ನೀರುನೀರಾಗಿ ಹೋದರೆ ಅದು ಸಿ. ಡಿಫಿಸಿಲ್ ಎಂಬ ಬೇರೆಯೇ ಕ್ರಿಮಿಯ ಕೆಲಸವಿರಬಹುದು. ಆಗ ಭೇದಿ ಕಟ್ಟುವ ಮಾತ್ರೆ ನುಂಗಿ ಮನೆಯಲ್ಲಿ ಕೂರಬಾರದು.

ಹಾಗಾದರೆ ಪ್ರೋಬಯಾಟಿಕ್ ಪುಡಿ? ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಂಟಿಬಯಾಟಿಕ್ ನಂತರ ಅದನ್ನು ತಿಂದವರ ಸ್ವಂತ ಬ್ಯಾಕ್ಟೀರಿಯಾಗಳು ಮರಳುವುದು ತಡವಾಯಿತು, ಸುಮ್ಮನಿದ್ದವರದ್ದು ಬೇಗ ಮರಳಿತು. ಹಾಗಾಗಿ ನಾನು ಬರೆಯುವುದು ಅಪರೂಪ. ಕೇಳಿಯೇ ತೀರುವವರಿಗೆ ಒಂದು ತಿಂಗಳು ನೋಡಿ, ಗುಣ ಕಾಣದಿದ್ದರೆ ದುಡ್ಡು ಉಳಿಸಿ ಎನ್ನುತ್ತೇನೆ.

7. ತಕ್ಕಡಿ ಮೇಜಿನ ಪಕ್ಕದಲ್ಲೇ ಇರಲಿ

ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಹೊಲಿಗೆ ಕೆಲಸ ಮಾಡುವ ಹುಡುಗಿ, ಇಪ್ಪತ್ತಾರು ವಯಸ್ಸು. ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿಗೆ ಮದ್ದು ಕೊಟ್ಟಿದ್ದೆ. ಹೊಟ್ಟೆನೋವು ಉಳಿಯಿತು. ನಾರ್ವೆಯ ಬರ್ಗೆನ್‌ನಲ್ಲಿ 2004ರಲ್ಲಿ ನೀರಿನಿಂದ ಜಿಯಾರ್ಡಿಯಾ ಹರಡಿದಾಗ ಮೂರು ವರ್ಷದ ನಂತರವೂ ಶೇ. 46 ಮಂದಿಗೆ ಐಬಿಎಸ್ ಇತ್ತು ಎಂದು ಆಗಷ್ಟೇ ಓದಿದ್ದೆ. ಓದಿದ್ದೇ ಕಣ್ಣಿಗೆ ಕಟ್ಟಿತು. ಚೀಟಿಯಲ್ಲಿ ಐಬಿಎಸ್ ಎಂದು ಬರೆದೆ, ಮೂರು ತಿಂಗಳು ಅದನ್ನೇ ನಕಲು ಮಾಡಿದೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ ಎಂದು ಅವಳು ನಮ್ಮ ನರ್ಸ್ ಹತ್ತಿರ ಹೇಳಿದ್ದಳು, ನನ್ನ ಹತ್ತಿರ ಹೇಳಲಿಲ್ಲ, ನಾನು ಕೇಳಿರಲಿಲ್ಲ. ತೂಕ 46 ಕಿಲೋದಿಂದ 39ಕ್ಕೆ ಇಳಿದಿತ್ತು. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ ಕ್ಷಯ. ಆರು ತಿಂಗಳ ಚಿಕಿತ್ಸೆಯಿಂದ ವಾಸಿಯಾಯಿತು. ಅವಳು ನನ್ನನ್ನು ಬೈಯಲಿಲ್ಲ. ಅವಳ ತಾಯಿ ಇವತ್ತಿಗೂ ರಸ್ತೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾರೆ.

ಅಂದಿನಿಂದ ಹೊಟ್ಟೆಯ ದೂರು ತಂದವರು ಪ್ರತಿ ಸಲ ತಕ್ಕಡಿ ಹತ್ತಲೇಬೇಕು. ತೂಕ ಇಳಿಯುವುದು, ಸಂಜೆ ಜ್ವರ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತ ಕಡಿಮೆಯಾಗುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಒಂದು ಇದ್ದರೂ ಕಾಯುವ ಮಾತಿಲ್ಲ. ಜಿಡ್ಡುಜಿಡ್ಡಾದ ಮಲ, ನಾಲಿಗೆ ಹುಣ್ಣು, ರಕ್ತಹೀನತೆ ಒಟ್ಟಿಗೆ ಬಂದರೆ ಟ್ರಾಪಿಕಲ್ ಸ್ಪ್ರೂ ಎಂಬುದೊಂದಿದೆ. ವೆಲ್ಲೂರಿನ ವೈದ್ಯರು ದಶಕಗಳ ಕಾಲ ಅದರ ಬೆನ್ನು ಹತ್ತಿದ್ದರು. ಫೋಲಿಕ್ ಆಸಿಡ್ ಮತ್ತು ಟೆಟ್ರಾಸೈಕ್ಲಿನ್ ಕೊಟ್ಟರೆ ಇಂಥವರು ಕಣ್ಣೆದುರೇ ತುಂಬಿಕೊಳ್ಳುತ್ತಾರೆ.

8. 'ತಲೆ ಮಾತ್ರೆ' ಎಂಬ ಅವಮಾನ

ಸೋಂಕಿನ ನಂತರದ ನೋವಿಗೆ ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣದಲ್ಲಿ, ರಾತ್ರಿ 10 ಮಿಲಿಗ್ರಾಂನಿಂದ ಶುರುಮಾಡಿ ಕೊಡುವುದುಂಟು. ಅಂಗಡಿಯವನೋ ಗೂಗಲ್ಲೋ ಇದು ಖಿನ್ನತೆಯ ಮಾತ್ರೆ ಎಂದು ಹೇಳಿಬಿಟ್ಟರೆ ಮುಗಿಯಿತು. "ನಂಗೇನು ಹುಚ್ಚು ಅಂದ್ಕೊಂಡ್ರಾ?" ಎಂದು ಚೀಟಿ ವಾಪಸ್ ಬರುತ್ತದೆ. ಈಗ ನಾನೇ ಮೊದಲು ಹೇಳುತ್ತೇನೆ: ಇದನ್ನು ಖಿನ್ನತೆಗೆ ಕೊಡುವಾಗ ಇದರ ಎಷ್ಟೋ ಪಟ್ಟು ಕೊಡುತ್ತಾರೆ, ನಿಮಗೆ ಕೊಡುತ್ತಿರುವುದು ಕರುಳಿನ ನರ ತಣ್ಣಗಾಗಲೆಂದು. ಇಂಗ್ಲೆಂಡಿನಲ್ಲಿ ನಮ್ಮಂಥ ಕುಟುಂಬ ವೈದ್ಯರ ಕ್ಲಿನಿಕ್ಕುಗಳಲ್ಲೇ 463 ಜನರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು, ಉಪಯೋಗವಿದೆ ಎಂದು. ಇಸಬ್ಗೋಲ್ ಇದಕ್ಕಿಂತ ಹಳೆಯ ಗೆಳೆಯ. ಕಟ್ಟಿದ್ದರೆ ಬಿಡಿಸುತ್ತದೆ, ಬಿಟ್ಟಿದ್ದರೆ ಕಟ್ಟುತ್ತದೆ. ಒಂದು ಚಮಚದಿಂದ ಶುರು, ಜೊತೆಗೆ ದೊಡ್ಡ ಲೋಟ ನೀರು.

9. ಹೊಟ್ಟೆಗಿಂತ ಮೊದಲು ಹೆದರಿಕೆ ಹುಡುಕಿ

ಶಿವಮೊಗ್ಗ–ಬೆಂಗಳೂರು ಬಸ್ಸಿನ ಕಂಡಕ್ಟರ್ ಒಬ್ಬರು ಭೇದಿ ವಾಸಿಯಾದ ಮೇಲೂ ಒಂದು ವರ್ಷ ಬಂದರು. ಭದ್ರಾವತಿಯಿಂದ ತುಮಕೂರಿನವರೆಗೆ ಎಲ್ಲೆಲ್ಲಿ ಶೌಚಾಲಯವಿದೆ, ಯಾವುದಕ್ಕೆ ಚಿಲಕ ಇಲ್ಲ ಎಂದು ಅವರಿಗೆ ಬಾಯಿಪಾಠವಾಗಿತ್ತು. ಡ್ಯೂಟಿಗೆ ಮುಂಚೆ ಊಟವಿಲ್ಲ, ನೀರೂ ಇಲ್ಲ. ರಜೆಯ ದಿನ ಮಾತ್ರ ಹೊಟ್ಟೆ ಸುಮ್ಮನಿರುತ್ತಿತ್ತು. ರಕ್ತವಿಲ್ಲ, ಜ್ವರವಿಲ್ಲ, ತೂಕ ಸರಿಯಾಗಿತ್ತು. ಭೇದಿ ಕಟ್ಟುವ ಲೋಪೆರಮೈಡ್ ಮಾತ್ರೆ ಬರೆದುಕೊಟ್ಟು, ಬಸ್ಸು ಹತ್ತುವ ಅರ್ಧ ಗಂಟೆ ಮುಂಚೆ ಒಂದು ತಗೊಳ್ಳಿ, ಬೆಳಿಗ್ಗೆ ಎರಡು ಇಡ್ಲಿ ತಿಂದೇ ಹೊರಡಿ ಎಂದೆ. ಮೊದಲ ತಿಂಗಳು ದಿನಾ ತಗೊಂಡರು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಬರುವುದನ್ನೇ ನಿಲ್ಲಿಸಿದರು.

ಹೋದ ತಿಂಗಳು ಬೀರೂರಿಗೆ ಹೋಗುವಾಗ ಅವರದೇ ಬಸ್ಸು ಸಿಕ್ಕಿತು. ಟಿಕೆಟ್ ಹರಿದುಕೊಟ್ಟು ನಗುತ್ತಾ, ಚರ್ಮದ ಬ್ಯಾಗಿನ ಒಳಜೇಬಿನಿಂದ ಒಂದು ಮಾತ್ರೆ ಪಟ್ಟಿ ತೆಗೆದು ತೋರಿಸಿದರು. ನಾಲ್ಕು ಮಾತ್ರೆ ಹಾಗೇ ಉಳಿದಿದ್ದವು. ತಿರುಗಿಸಿ ನೋಡಿದೆ, ಅವಧಿ ಮುಗಿದು ಎರಡು ವರ್ಷವಾಗಿತ್ತು. ಎಸೆಯಿರಿ ಎಂದೆ. "ಇರ್ಲಿ ಬಿಡಿ ಸಾರ್, ಇದ್ರೆ ಧೈರ್ಯ" ಎಂದು ಮತ್ತೆ ಒಳಗಿಟ್ಟುಕೊಂಡು, ಹಿಂದಿನ ಸೀಟಿನವರ ಕಡೆ ಹೋದರು.