ಯಂತ್ರಕ್ಕಿಂತ ಮೊದಲು ತಗಡನ್ನು ನೋಡು

ತಮ್ಮಾ, ಹಳೆಯ ಕಾರಿನ ತುಕ್ಕನ್ನು ನೀನೇ ಕತ್ತರಿಸಿ ತೆಗೆಯಬೇಕೆಂದು ಹೊರಟಿದ್ದೀಯ. ನನಗೆ ಸಂತೋಷವೇ. ಆದರೆ ಅಂಗಡಿಗೆ ಓಡುವ ಮೊದಲು ಒಂದು ಹಳೆಯ ಸ್ಕ್ರೂಡ್ರೈವರ್ ಹಿಡಿದು ಬಣ್ಣ ಉಬ್ಬಿದ ಕಡೆಯೆಲ್ಲ ಚುಚ್ಚಿ ನೋಡು. ಕರಾವಳಿಯ ಉಪ್ಪುಗಾಳಿಯಲ್ಲಿ ಓಡಿದ ಮಾರುತಿ 800 ಆದರೆ ಹೊರಗೆ ರೂಪಾಯಿಯಗಲ ಕಂಡ ತುಕ್ಕು ಒಳಗೆ ಅಂಗೈಯಗಲ ಹರಡಿರುವುದುಂಟು. ಗಟ್ಟಿ ತಗಡು ಎಲ್ಲಿಂದ ಶುರುವೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆ. ಗೆರೆ ನೇರವೋ ಬಾಗಿದೆಯೋ, ಅದರ ಹಿಂದೆ ವಯರ್ ಇದೆಯೋ ಪೆಟ್ರೋಲ್ ಪೈಪ್ ಇದೆಯೋ ಗೊತ್ತಾದ ಮೇಲೆ ಸಾಧನದ ಮಾತು. ಕಾರಿನಡಿ ನುಸುಳುವುದಾದರೆ ಜಾಕ್ ಒಂದನ್ನೇ ನಂಬಬೇಡ, ಸ್ಟ್ಯಾಂಡ್ ಇಡು.

ಹುಡುಗರು ಮೊದಲು ಕೊಳ್ಳುವುದು ನಾಲ್ಕು ಇಂಚಿನ ಗ್ರೈಂಡರ್. ಎರಡು-ಮೂರು ಸಾವಿರಕ್ಕೆ ಸಿಗುತ್ತದೆ, ಏನನ್ನು ಬೇಕಾದರೂ ಕತ್ತರಿಸುತ್ತದೆ, ನಿಜ. ಆದರೆ ಕಾರಿನ ಮೈತಗಡು ಸಾಮಾನ್ಯವಾಗಿ 0.7ರಿಂದ 0.9 ಮಿಲಿಮೀಟರ್, ಅಂಗಡಿಯ ಲೆಕ್ಕದಲ್ಲಿ 22ರಿಂದ 20 ಗೇಜು. ಇಷ್ಟು ತೆಳುವಾದದ್ದಕ್ಕೆ ಬಿಸಿಯೇ ಶತ್ರು. ಡಿಸ್ಕನ್ನು ಒತ್ತಿ ಹಿಡಿದರೆ ಅಂಚು ನೀಲಿಗಟ್ಟಿ ತಗಡು ಸೊಟ್ಟಗಾಗುತ್ತದೆ, ಪ್ಯಾಚ್ ಸರಿಯಾಗಿ ಕೂರುವುದಿಲ್ಲ. ಆ ಡೊಂಕನ್ನು ಮುಚ್ಚಲು ಪುಟ್ಟಿ ಬಳಿಯುತ್ತೀಯ, ಪುಟ್ಟಿಯಡಿ ಮತ್ತೆ ತುಕ್ಕು ಹಿಡಿಯುತ್ತದೆ. ಕಿಡಿ ಬಿದ್ದರೆ ಗಾಜಿನೊಳಗೆ ಕಚ್ಚಿಕೊಳ್ಳುತ್ತದೆ, ಎಷ್ಟು ಉಜ್ಜಿದರೂ ಹೋಗದು.

ಅದಕ್ಕೇ ಮೊದಲ ದುಡ್ಡು ಕೈಕತ್ತರಿಗೆ ಹಾಕು. ಹಿಡಿಯ ಬಣ್ಣಕ್ಕೆ ಅರ್ಥವಿದೆ: ಹಳದಿ ನೇರಕ್ಕೆ, ಕೆಂಪು ಎಡಕ್ಕೆ ಬಾಗುವ ಗೆರೆಗೆ, ಹಸಿರು ಬಲಕ್ಕೆ. ಕೆಂಪು-ಹಸಿರು ಜೋಡಿ ಇದ್ದರೆ ಹಳದಿ ಇಲ್ಲದೆಯೂ ನಡೆಯುತ್ತದೆ. ಅಗ್ಗದ್ದಾದರೂ ಪರೀಕ್ಷಿಸಿ ತಗೋ. ಬಾಯಿ ಮುಚ್ಚಿ ಬೆಳಕಿಗೆ ಹಿಡಿದು ನೋಡು, ಅಲಗುಗಳ ನಡುವೆ ಸಂದಿ ಕಾಣಬಾರದು. ನಡುವಿನ ಬೋಲ್ಟ್ ಅಲುಗಾಡಬಾರದು. ಕತ್ತರಿ ಅಂಚಿನಿಂದಷ್ಟೇ ಹೊರಡಬಲ್ಲದು, ತಗಡಿನ ನಡುವೆ ಶುರು ಮಾಡಲು ಮೊದಲು ಡ್ರಿಲ್‌ನಲ್ಲಿ ತೂತು ಬೇಕು.

ಮನೆಯಲ್ಲಿ ಡ್ರಿಲ್ ಮೆಷಿನ್ ಇದೆಯಲ್ಲ, ಅದಕ್ಕೆ ಜೋಡಿಸುವ ನಿಬ್ಲರ್ ಸಿಗುತ್ತದೆ. ಇಲಿ ರೊಟ್ಟಿ ತಿಂದಂತೆ ತಗಡನ್ನು ಚೂರುಚೂರೇ ಕಚ್ಚಿ ಮುಂದೆ ಸಾಗುತ್ತದೆ. ಕಿಡಿಯಿಲ್ಲ, ಬಿಸಿಯಿಲ್ಲ, ತಗಡು ಬಾಗುವುದಿಲ್ಲ. ನನ್ನ ಕೇಳಿದರೆ, ಮನೆಗೆಲಸಕ್ಕೆ ಕೊಟ್ಟ ದುಡ್ಡಿಗೆ ಇದಕ್ಕಿಂತ ನ್ಯಾಯ ಮಾಡುವ ಸಾಧನವಿಲ್ಲ. ಹೋದ ದಾರಿಯಲ್ಲಿ ಕೆಲವು ಮಿಲಿಮೀಟರ್ ತಗಡು ಹೋಗಿಬಿಡುತ್ತದೆ, ಆದ್ದರಿಂದ ಗೆರೆಯ ಒಳಬದಿಗೆ ನಡೆಸು. ಉದುರಿದ ಚೂರುಗಳು ಸೂಜಿಯಷ್ಟು ಚೂಪು, ಮನೆಯಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತವೆ. ಮ್ಯಾಗ್ನೆಟ್ ಆಡಿಸಿ ಒಂದೂ ಬಿಡದೆ ಎತ್ತು.

ಎಷ್ಟೋ ಕಡೆ ಕತ್ತರಿಸುವ ಅಗತ್ಯವೇ ಇರುವುದಿಲ್ಲ. ಮುಂದಿನ ಫೆಂಡರ್ ಬಹುತೇಕ ಕಾರುಗಳಲ್ಲಿ ಬೋಲ್ಟ್ ಮೇಲೆಯೇ ನಿಂತಿರುತ್ತದೆ. ಉಳಿದ ಕಡೆ ಜೋಡಣೆಯ ಅಂಚಿನ ಬಣ್ಣ ಕೆರೆದರೆ ಸಾಲಾಗಿ ಸಣ್ಣ ದುಂಡನೆಯ ತಗ್ಗುಗಳು ಕಾಣುತ್ತವೆ. ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್ ಅದು. ಪಂಚ್‌ನಿಂದ ನಡುವೆ ಗುರುತು ಹೊಡೆದು 8 ಮಿಲಿಮೀಟರ್‌ನ ಸ್ಪಾಟ್ ವೆಲ್ಡ್ ಬಿಟ್‌ನಿಂದ ಮೇಲಿನ ತಗಡನ್ನು ಮಾತ್ರ ಕೊರೆ, ಕೆಳಗಿನದು ಸಿಕ್ಕಿದ ಕೂಡಲೇ ನಿಲ್ಲಿಸು. ತೆಳು ಉಳಿ ತೂರಿಸಿ ತಟ್ಟಿದರೆ ತಗಡು ತಾನಾಗಿ ಬಿಟ್ಟುಕೊಳ್ಳುತ್ತದೆ. ಕೆಳಗಿನ ಅಂಚು ಇದ್ದಂತೆ ಉಳಿಯುವುದರಿಂದ ಹೊಸ ತಗಡು ಅದರ ಜಾಗದಲ್ಲೇ ಕೂರುತ್ತದೆ.

ಗ್ರೈಂಡರ್ ಬೇಡವೇ ಬೇಡ ಎನ್ನುತ್ತಿಲ್ಲ. ದಪ್ಪ ಜಾಗಕ್ಕೆ, ಹಳೆಯ ವೆಲ್ಡಿಂಗ್ ಸವೆಸಲಿಕ್ಕೆ ಅದೇ ಬೇಕು. ಮೆಷಿನ್ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಡಿಸ್ಕ್ ಮತ್ತು ಕನ್ನಡಕದಲ್ಲಿ ಉಳಿತಾಯ ಮಾಡಬೇಡ. ತಗಡಿಗೆ 1 ಮಿಲಿಮೀಟರ್ ಡಿಸ್ಕ್ ಹಾಕು. ಅದರ ಮೇಲೆ ಬರೆದ ವೇಗ ಮೆಷಿನ್ನಿನ ವೇಗಕ್ಕಿಂತ ಕಡಿಮೆ ಇರಕೂಡದು. ಗಾರ್ಡ್ ಬಿಚ್ಚಿ ದೊಡ್ಡ ಡಿಸ್ಕ್ ತೊಡಿಸುವವರನ್ನು ನೋಡಿ ಕಲಿಯಬೇಡ, ಮರ ಕೊಯ್ಯುವ ಹಲ್ಲಿನ ಬ್ಲೇಡನ್ನಂತೂ ಮುಟ್ಟಲೇಬೇಡ. ಲುಂಗಿ, ಸಡಿಲ ಅಂಗಿ ಕಳಚಿಟ್ಟು ಪ್ಯಾಂಟು, ಬೂಟು ಹಾಕು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚು, ಒಳಗಿನ ಕಾರ್ಪೆಟ್ ತೆಗೆ, ಗಾಜಿಗೆ ಒದ್ದೆ ಗೋಣಿ ಹೊದಿಸು, ಪಕ್ಕದಲ್ಲಿ ಬಕೆಟ್ಟಿನ ತುಂಬ ಮರಳಿರಲಿ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಗ್ರೈಂಡರ್ ತರಲೇಬೇಡ.

ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆ ಭಾಗ, ಬಾಗಿಲ ಕಂಬಗಳು ಕಾರಿನ ಭಾರ ಹೊರುವ ಜಾಗ. ಅವು ಕೊಳೆತಿದ್ದರೆ ಅನುಭವಸ್ಥ ಟಿಂಕರ್ ಕೈಗೆ ಕೊಡು, ಅಲ್ಲಿ ಅಭಿಮಾನ ಬೇಡ. ಏರ್‌ಬ್ಯಾಗ್ ಇರುವ ಹೊಸ ಕಾರುಗಳ ಕಂಬಕ್ಕೂ ಚಾವಣಿಯ ಅಂಚಿಗೂ ಮನೆಯಲ್ಲಿ ಕೈ ಹಾಕಲೇಬಾರದು.

ಈ ಭಾನುವಾರ ಗುಜರಿಯಿಂದ ಒಂದು ಹಾಳು ಬಾನೆಟ್ ತಾ. ಒಂದೇ ಗೆರೆಯನ್ನು ಕತ್ತರಿ, ನಿಬ್ಲರ್, ಗ್ರೈಂಡರ್ ಮೂರರಲ್ಲೂ ಕತ್ತರಿಸಿ ಅಂಚಿನ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ನೋಡು. ಸ್ಕೇಲಿನಡಿ ಬೆಳಕು ನುಸುಳದಿರುವುದು ಯಾವುದರಲ್ಲೋ, ಅದನ್ನು ಹಿಡಿದುಕೊಂಡು ನಿನ್ನ ಕಾರಿನ ಹತ್ತಿರ ಹೋಗು.