ಹಳೇ ದೊಡ್ಡ ಗಾಡಿಗೆ ಅವರೇಜ್ ಬರಬೇಕೆಂದರೆ

ರಾಜೇಶ್ವರದ ಹೆದ್ದಾರಿ ಬದಿಯ ಚಹಾದಂಗಡಿ ಮುಂದೆ ಒಂದು ತಾಸು ಕೂತರೆ ಸಾಕು, ಸ್ಕಾರ್ಪಿಯೊ, ಬೊಲೆರೊ, ಸುಮೊ, ಸಫಾರಿ, ಕ್ವಾಲಿಸ್ ಎಲ್ಲವೂ ಕಣ್ಣ ಮುಂದೆ ಹಾದುಹೋಗುತ್ತವೆ. ಹುಮನಾಬಾದಿನ ಬಜಾರು, ಬಸವಕಲ್ಯಾಣದ ಕಚೇರಿ ಕೆಲಸ, ಹೈದರಾಬಾದಿನ ಆಸ್ಪತ್ರೆ, ಸೊಲ್ಲಾಪುರದ ಬೀಗರ ಮನೆ, ಎಲ್ಲದಕ್ಕೂ ಏಳೆಂಟು ಮಂದಿ ಹಿಡಿಸುವ ಗಾಡಿಯೇ ಬೇಕು ನಮ್ಮ ಕಡೆಯ ಮನೆಗಳಿಗೆ. ಇವುಗಳಲ್ಲಿ ಎಷ್ಟೋ ಗಾಡಿಗಳಿಗೆ ಹತ್ತು ಹದಿನೈದು ವರ್ಷ ದಾಟಿದೆ. ಅವರೇಜ್ ಎಷ್ಟು ಎಂದು ಕೇಳಿದರೆ ಸಿಗುವುದು ಎರಡೇ ಉತ್ತರ. ಮಾರುವವರು ‘ಹದಿನಾಲ್ಕು ಪಕ್ಕಾ ಕೊಡ್ತದ್ರಿ’ ಅನ್ನುತ್ತಾರೆ. ಇಟ್ಟುಕೊಂಡವರು ‘ಅದೊಂದು ಕೇಳಬ್ಯಾಡ್ರಿ’ ಅನ್ನುತ್ತಾರೆ.

ನಿಜವಾದ ಅಂಕಿ ಇಬ್ಬರಿಗೂ ಗೊತ್ತಿರುವುದಿಲ್ಲ. ಕೆಲಸ ಶುರುವಾಗಬೇಕಾದ್ದು ಅಲ್ಲಿಂದಲೇ.

ಮೊದಲು ಅಳೆಯಿರಿ

ಟಾಕಿ ತುಂಬಿಸಿ. ಪಂಪಿನ ನಾಜಲ್ ಮೊದಲ ಸಲ ತಾನಾಗಿ ಕಟ್ ಆದಲ್ಲಿಗೆ ನಿಲ್ಲಿಸಿ. ಕುತ್ತಿಗೆಯವರೆಗೆ ತುಂಬಿಸಲು ಹೋದರೆ ಡೀಸೆಲ್ ನೊರೆಯಿಂದ ಲೆಕ್ಕ ಕೆಡುತ್ತದೆ. ಟ್ರಿಪ್ ಮೀಟರನ್ನು ಸೊನ್ನೆ ಮಾಡಿ. 300 ಕಿ.ಮೀ. ಆದರೂ ಓಡಿಸಿದ ಮೇಲೆ ಅದೇ ಪಂಪಿನಲ್ಲಿ, ಸಾಧ್ಯವಾದರೆ ಅದೇ ನಾಜಲ್‌ನಲ್ಲಿ, ಹಾಗೆಯೇ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಹೀಗೆ ಮೂರು ಸಲ ಮಾಡಿದರೆ ಬರುವ ಸರಾಸರಿಯನ್ನು ನಂಬಬಹುದು.

ಇಲ್ಲೊಂದು ಮೋಸವಿದೆ. ಕಾಣಲು ಚಂದವೆಂದು ದೊಡ್ಡ ಅಳತೆಯ ಟಯರು ಹಾಕಿಸಿದ್ದರೆ ಮೀಟರು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಕಿಲೋಮೀಟರ್ ಕಲ್ಲು ನೋಡುತ್ತ 10 ಕಿ.ಮೀ. ಹೋಗಿ. ಮೀಟರು 9.6 ಎಂದರೆ ನಿಮ್ಮ ಅಂಕಿಗೆ ನೂರಕ್ಕೆ ನಾಲ್ಕು ಸೇರಿಸಿಕೊಳ್ಳಿ. ಕೆಲವರ ಅವರೇಜ್ ಇಷ್ಟರಲ್ಲೇ ಸುಧಾರಿಸಿಬಿಡುತ್ತದೆ.

ದೊಡ್ಡ ಗಾಡಿಯಲ್ಲಿ ಒಂದೆರಡು ಕಿಲೋಮೀಟರಿಗೆ ಯಾಕಿಷ್ಟು ಗುದ್ದಾಟ ಎನ್ನುವವರಿದ್ದಾರೆ. 9 ಕೊಡುವ ಗಾಡಿ ಸಾವಿರ ಕಿಲೋಮೀಟರಿಗೆ 111 ಲೀಟರ್ ಕುಡಿಯುತ್ತದೆ. ಅದು 11 ಕೊಟ್ಟರೆ 91 ಲೀಟರು ಸಾಕು. 20 ಲೀಟರ್ ಉಳಿಯಿತು. ಲೀಟರಿಗೆ 90 ರೂಪಾಯಿ ಹಿಡಿದರೂ 1,800 ರೂಪಾಯಿ. ಸಣ್ಣ ಕಾರಿನಲ್ಲಿ 20 ಇದ್ದದ್ದನ್ನು 24ಕ್ಕೆ ಏರಿಸಿದರೂ ಅಷ್ಟೇ ದೂರಕ್ಕೆ ಉಳಿಯುವುದು ಎಂಟು ಲೀಟರ್ ಚಿಲ್ಲರೆ. ಹೆಚ್ಚು ಕುಡಿಯುವ ಗಾಡಿಯಲ್ಲೇ ಉಳಿತಾಯಕ್ಕೆ ಹೆಚ್ಚು ಜಾಗವಿದೆ.

ಹವಾ ಮತ್ತು ಚಕ್ರ

ಹವಾ ಎಷ್ಟಿರಬೇಕೆಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಬೆಳಿಗ್ಗೆ ಗಾಡಿ ಓಡಿಸುವ ಮೊದಲು, ಟಯರು ತಣ್ಣಗಿದ್ದಾಗ ನೋಡಬೇಕು. ಮಧ್ಯಾಹ್ನದ ಬಿಸಿಲಲ್ಲಿ ಹತ್ತಾರು ಕಿಲೋಮೀಟರ್ ಬಂದ ಟಯರು ಹೆಚ್ಚು ತೋರಿಸುವುದು ಸಹಜ, ಅದನ್ನು ಬಿಡಿಸಬೇಡಿ. ಸ್ವಂತಕ್ಕೊಂದು ಗೇಜ್ ಇಟ್ಟುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಐದೇ ನಿಮಿಷದ ಕೆಲಸ. ಸ್ಟೆಪ್ನಿ ಮರೆಯಬೇಡಿ.

ಆಮೇಲೆ ಗಾಡಿಯನ್ನು ನೂಕಿ ನೋಡಿ. ತಮಾಷೆಯಲ್ಲ. ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ ಹಾಕಿ, ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಇಬ್ಬರು ನೂಕಿದರೆ ಗಾಡಿ ಸಲೀಸಾಗಿ ಉರುಳಬೇಕು. ನಮ್ಮ ಮನೆಯ ಗಾಡಿ ಉರುಳಿರಲಿಲ್ಲ. ಅದಕ್ಕೂ ಮುಂಚೆ ಮಿಸ್ತ್ರಿಯೊಬ್ಬರು ‘ಎಂಜಿನ್ನಿನ ಡೀಸೆಲ್ ಪಂಪ್ ಬಿಚ್ಚಬೇಕಾಗ್ತದ್ರಿ ಸಾಹೇಬ್ರ’ ಎಂದು ದೊಡ್ಡ ಖರ್ಚಿನ ಅಂದಾಜು ಕೊಟ್ಟಾಗಿತ್ತು. ನಮ್ಮ ಕಾಕಾ ಒಪ್ಪಲಿಲ್ಲ. ‘ಮೊದ್ಲ ನೂಕ್ರೋ ತಮ್ಮಾ, ಎತ್ತಿನ ಬಂಡಿ ಜಗ್ಗಲಿಲ್ಲಂದ್ರ ಎತ್ತು ಮಾರ್ತಾರೇನು, ಗಾಲಿ ನೋಡ್ತಾರ’ ಅಂದರು. ನೋಡಿದರೆ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಹಿಂದಿನ ಒಂದು ಚಕ್ರ ಯಾವಾಗಲೂ ಅರೆಬರೆ ಬ್ರೇಕಿನಲ್ಲೇ ಇತ್ತು. ಹೊಸ ಕೇಬಲ್ ಹಾಕಿಸಿದ್ದಕ್ಕೆ 8.7 ಇದ್ದದ್ದು 9.8 ಆಯಿತು. ಪಂಪಿಗೆ ಇವತ್ತಿನವರೆಗೂ ಯಾರೂ ಕೈ ಹಚ್ಚಿಲ್ಲ.

ನೂಕುವಷ್ಟು ಜನ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕನ್ನು ಆದಷ್ಟು ಕಡಿಮೆ ಒತ್ತಿ ನಿಲ್ಲಿಸಿ. ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಕಾವು ಸೂಸುತ್ತಿದ್ದರೆ ಅಲ್ಲಿ ಬ್ರೇಕು ಹಿಡಿದಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಟಯರು ಒಂದೇ ಬದಿಗೆ ಸವೆದಿದ್ದರೆ ಅಲೈನ್‌ಮೆಂಟ್ ಮಾಡಿಸಿ.

ಕಿತ್ತುಹಾಕಿದ ಥರ್ಮೋಸ್ಟಾಟ್

ನಮ್ಮ ಕಡೆಯ ಹಳೇ ಗಾಡಿಗಳಲ್ಲಿ ಈ ತಪ್ಪು ಬಹಳ. ಬೇಸಿಗೆಯಲ್ಲಿ ಎಂಜಿನ್ ಕಾಯಿತು ಅಂದ ಕೂಡಲೇ ಥರ್ಮೋಸ್ಟಾಟ್ ಕಿತ್ತು ಬಿಸಾಕುತ್ತಾರೆ. ನಿಜವಾದ ರೋಗ ರೇಡಿಯೇಟರ್ ಕಟ್ಟಿಕೊಂಡದ್ದೋ, ಫ್ಯಾನ್ ಕಪ್ಲಿಂಗ್ ಕೆಟ್ಟದ್ದೋ ಆಗಿರುತ್ತದೆ. ಎಂಜಿನ್ ಬೇಗ ಬಿಸಿಯಾಗಿ ಒಂದು ಹದದಲ್ಲಿ ನಿಲ್ಲಲಿ ಎಂದು ಆ ಭಾಗವನ್ನು ಇಟ್ಟಿರುವುದು. ಸಾಮಾನ್ಯವಾಗಿ 80 ಡಿಗ್ರಿ ದಾಟಿದ ಮೇಲೆ ಅದು ತೆರೆದುಕೊಂಡು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅದಿಲ್ಲದ ಎಂಜಿನ್ ಸದಾ ತಣ್ಣಗೇ ಓಡುತ್ತದೆ. ಆಯಿಲ್ ದಪ್ಪಗೇ ಉಳಿಯುತ್ತದೆ, ಡೀಸೆಲ್ ಪೂರ್ತಿ ಸುಡುವುದಿಲ್ಲ. ಕಾಮನ್ ರೈಲ್, ಅಂದರೆ ಕಂಪ್ಯೂಟರೇ ಡೀಸೆಲ್ ಅಳೆದು ಬಿಡುವ ಗಾಡಿಯಾದರೆ, ಎಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದುಕೊಂಡು ಕಂಪ್ಯೂಟರು ಹೆಚ್ಚು ಡೀಸೆಲ್ ಬಿಡುತ್ತಲೇ ಇರುತ್ತದೆ. ಚಳಿಗಾಲದ ಬೆಳಿಗ್ಗೆ ಹತ್ತು ಹದಿನೈದು ನಿಮಿಷ ಓಡಿಸಿದರೂ ಕಾವಿನ ಮುಳ್ಳು ನಡುವಿನ ಹತ್ತಿರ ಬರದಿದ್ದರೆ ಅನುಮಾನಪಡಿ. ಹೊಸದು ಹಾಕಿಸುವುದು ದೊಡ್ಡ ಖರ್ಚಲ್ಲ. ಆದರೆ ಮೊದಲು ರೇಡಿಯೇಟರ್ ಸ್ವಚ್ಛ ಮಾಡಿಸಿ, ಇಲ್ಲದಿದ್ದರೆ ಮತ್ತೆ ಕಾಯುತ್ತದೆ.

ಹೊಗೆ ಏನು ಹೇಳುತ್ತದೆ

ಆಕ್ಸಿಲರೇಟರ್ ಒತ್ತಿದಾಗ ಕರಿ ಹೊಗೆ ಬಂದರೆ ಡೀಸೆಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ ಎಂದರ್ಥ. ರಾಶಿಯ ದಿನಗಳಲ್ಲಿ ಹೊಲದ ದಾರಿ ಹಿಡಿಯುವ ಗಾಡಿಯ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಅವಧಿಗಿಂತ ಮೊದಲೇ ಬದಲಿಸಬೇಕು. ಫಿಲ್ಟರ್ ಚೊಕ್ಕವಾಗಿದ್ದೂ ಹೊಗೆ ಬಂದರೆ ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪುಗಳನ್ನು ನೋಡಿ. ಹಳೆಯ ಪೈಪು ಸೀಳಿದರೆ ಪಿಕಪ್ ಬೀಳುತ್ತದೆ, ಸುಯ್ ಎಂಬ ಸದ್ದು ಬರುತ್ತದೆ. ಸೀಳಿದ ಜಾಗದಲ್ಲಿ ಎಣ್ಣೆಯ ಜಿಡ್ಡು ಕಾಣುತ್ತದೆ. ಆಮೇಲೆ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವಿನ ಮಸಿ ತೆಗೆಸಿ, ಡೀಸೆಲ್ ಫಿಲ್ಟರ್ ಬದಲಿಸಿ. ಇಷ್ಟಾದರೂ ಹೊಗೆ ನಿಲ್ಲದಿದ್ದರೆ ಮಾತ್ರ ಇಂಜೆಕ್ಟರ್ ಟೆಸ್ಟಿಗೆ ಕೊಡಿ. ಬಸವಕಲ್ಯಾಣದ ಕಡೆಯವರಿಗೆ ಸಸ್ತಾಪುರ ಬಂಗ್ಲಾದ ಆಟೋ ನಗರವೇ ಹತ್ತಿರ. ಏನೇನು ನೋಡಿ ಆಯಿತು ಎಂಬುದನ್ನು ಮೊದಲೇ ಹೇಳಿ. ಇಲ್ಲದಿದ್ದರೆ ದುಡ್ಡು ಕೊಟ್ಟು ಎಲ್ಲವನ್ನೂ ಮೊದಲಿಂದ ಬಿಚ್ಚಿಸಬೇಕಾಗುತ್ತದೆ.

ಕಾಲಿನ ಹದ

ಉಳಿದದ್ದು ಓಡಿಸುವವರ ಕೈಯಲ್ಲಿದೆ, ಅಥವಾ ಬಲಗಾಲಿನಲ್ಲಿ. ಈ ಗಾಡಿಗಳು ಗಾಳಿಗೆ ಎದೆಯೊಡ್ಡಿದ ಕಪಾಟುಗಳು. ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚು. ನೂರು ಕಿಲೋಮೀಟರ್ ದಾರಿಯಲ್ಲಿ ಅದರಿಂದ ಉಳಿಯುವುದು ಕಾಲು ತಾಸು, ಅದನ್ನು ಚಹಾಕ್ಕೆ ನಿಲ್ಲಿಸಿ ಕಳೆಯುತ್ತೇವೆ. ಜಾತ್ರೆಗೋ ಮದುವೆಗೋ ಕಟ್ಟಿಸಿದ ಮೇಲಿನ ಕ್ಯಾರಿಯರನ್ನು ಕೆಲಸ ಮುಗಿದ ಮೇಲೆ ಇಳಿಸಿ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬಿದ್ದ ಔಷಧಿ ಪಂಪು, ಅರ್ಧ ಚೀಲ ಸಿಮೆಂಟು ಕೂಡ ಇಳಿಯಲಿ. ಕಬ್ಬಿನ ಸೀಜನ್ನಿನಲ್ಲಿ ಜೋಡಿ ಟ್ರೇಲರ್ ಮುಂದೆ ಸಿಕ್ಕರೆ ಪದೇ ಪದೇ ನುಗ್ಗಿ ಬ್ರೇಕ್ ಹಾಕುವ ಬದಲು ದೂರ ಬಿಟ್ಟು, ದಾರಿ ಪೂರ್ತಿ ಕಂಡಾಗ ಗೇರ್ ಇಳಿಸಿ ಒಂದೇ ಸಲಕ್ಕೆ ದಾಟಿ. ಏಸಿ ಹಾಕಿಕೊಂಡು ನಿಂತಲ್ಲೇ ಎಂಜಿನ್ ಓಡಿಸಿದರೆ ತಾಸಿಗೆ ಅರ್ಧದಿಂದ ಒಂದು ಲೀಟರ್ ಹೋಗುತ್ತದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ. ಗೇರಿನಲ್ಲೇ ಕಾಲು ತೆಗೆದರೆ ಕಾಮನ್ ರೈಲ್ ಎಂಜಿನ್ ಡೀಸೆಲನ್ನು ತಾನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲೆಂದು ಡೀಸೆಲ್ ಸುಡುತ್ತಲೇ ಇರಬೇಕು. ಇನ್ನೂ ಉಳಿಸಲು ಚಾವಿ ತಿರುಗಿಸಿ ಎಂಜಿನ್ ಬಂದ್ ಮಾಡುವವರ ಸ್ಟೀರಿಂಗ್ ಬಿಗಿಯುತ್ತದೆ, ಬ್ರೇಕು ಕಲ್ಲಾಗುತ್ತದೆ.

ಟಾಕಿಗೆ ಹಾಕುವ ಮಾತ್ರೆ, ಪೈಪಿಗೆ ಕಟ್ಟುವ ಅಯಸ್ಕಾಂತ ಇವಕ್ಕೆ ದುಡ್ಡು ಹಾಕಬೇಡಿ. ಸೀಮೆಎಣ್ಣೆ ಬೆರೆಸಿದರೆ ಇಂಜೆಕ್ಟರ್ ಸವೆಯುತ್ತದೆ, ಉಳಿಸಿದ್ದರ ಹತ್ತು ಪಟ್ಟು ಅಲ್ಲಿ ಹೋಗುತ್ತದೆ. ಗಡಿಯ ಊರಿನವರಾದ ನಮಗೆ ಇನ್ನೊಂದು ಅನುಕೂಲವಿದೆ. ತೆಲಂಗಾಣಕ್ಕಿಂತ ಕರ್ನಾಟಕದಲ್ಲಿ ಡೀಸೆಲ್ ಅಗ್ಗ. ಹೈದರಾಬಾದ್ ಕಡೆ ಹೊರಟರೆ ಇಲ್ಲೇ ತುಂಬಿಸಿಕೊಂಡು ಹೊರಡಿ. ಇದರಿಂದ ಅವರೇಜ್ ಏನೂ ಏರುವುದಿಲ್ಲ, ಜೇಬಿಗೆ ಮಾತ್ರ ಸಮಾಧಾನ.

ನಮ್ಮ ಗಾಡಿ ಈಗ 11ರ ಆಸುಪಾಸು ಕೊಡುತ್ತಿದೆ. ಇದಕ್ಕಿಂತ ಹೆಚ್ಚು ಅದರಿಂದ ಆಗದು, ಅಷ್ಟು ತೂಕದ ಹಳೇ ಕಬ್ಬಿಣಕ್ಕೆ ಅದೇ ಸರಿ. ಇಂಥದೇ ಹಳೇ ಗಾಡಿ ತಂದು ‘ಹದಿನಾಲ್ಕು ಪಕ್ಕಾ’ ಅನ್ನುವವರು ಸಿಕ್ಕರೆ, ಮುಂಗಡ ಕೊಡುವ ಮೊದಲು ಅವರನ್ನು ಕರೆದುಕೊಂಡು ಪಂಪಿಗೆ ಹೋಗಿ ಟಾಕಿ ತುಂಬಿಸಿ.