ತರಗತಿಯ ವಿಡಿಯೊ ನಿಮ್ಮ ಮೊಬೈಲಿಗೆ ಬಂದಾಗ

ರಾತ್ರಿ ಊಟದ ಹೊತ್ತಿಗೆ ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ವಿಡಿಯೊ ಬಂತೆನ್ನಿ. ಮೇಡಂ ಒಬ್ಬ ಹುಡುಗನಿಗೆ ಹೊಡೆಯುತ್ತಿದ್ದಾರೆ, ಹಿಂದಿನ ಬೆಂಚಿನವರು ನಗುತ್ತಿದ್ದಾರೆ. ಚಿತ್ರೀಕರಿಸಿದ್ದು ನಿಮ್ಮ ಮಗಳೇ ಎಂದು ಆಮೇಲೆ ಗೊತ್ತಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಆಗ ಮೊಬೈಲ್ ಕಿತ್ತುಕೊಂಡು ‘ಮೊದಲು ಡಿಲೀಟ್ ಮಾಡು’ ಎಂದು ಗದರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ವಿಡಿಯೊ ತೆಗೆದದ್ದು ಬೇರೆ, ಹಂಚಿದ್ದು ಬೇರೆ. 2023ರ ಆಗಸ್ಟಿನಲ್ಲಿ ಉತ್ತರ ಪ್ರದೇಶದ ಮುಜಫ್ಫರನಗರದಲ್ಲಿ ಶಿಕ್ಷಕಿಯೊಬ್ಬರು ಪುಟ್ಟ ಮುಸ್ಲಿಂ ಬಾಲಕನ ಕೆನ್ನೆಗೆ ಸಹಪಾಠಿಗಳಿಂದಲೇ ಹೊಡೆಸಿದರು. ವಿಡಿಯೊ ಇರದಿದ್ದರೆ ಆ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಆದರೆ ಅದೇ ವಿಡಿಯೊದಿಂದ, ಅಳುತ್ತ ನಿಂತ ಆ ಮಗುವಿನ ಮುಖ ದೇಶವೆಲ್ಲ ಸುತ್ತಿತು. ಅದನ್ನು ಹಂಚಬೇಡಿ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೇ ಕೇಳಿಕೊಳ್ಳಬೇಕಾಯಿತು. ಬಾಲಕನ ಗುರುತು ಬಹಿರಂಗವಾಯಿತೆಂದು ಪತ್ರಕರ್ತರೊಬ್ಬರ ಮೇಲೂ ಮೊಕದ್ದಮೆ ದಾಖಲಾಯಿತು. ಅಪರಾಧಕ್ಕೆ ಗುರಿಯಾದ ಮಗುವಿನ ಹೆಸರು, ಶಾಲೆ, ಚಿತ್ರ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ನ್ಯಾಯ ಸಿಗಲೆಂದೇ ಫಾರ್ವರ್ಡ್ ಮಾಡಿದವರಿಗೂ ಇದು ತಪ್ಪಿದ್ದಲ್ಲ.

ಹಾಗಾಗಿ ವಿಡಿಯೊದಲ್ಲಿ ಹೊಡೆತವೋ ಅವಮಾನವೋ ಇದ್ದರೆ ಅದು ಸಾಕ್ಷ್ಯ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಒಂದು ಪ್ರತಿ ಉಳಿಸಿಕೊಂಡು ಮುಖ್ಯಶಿಕ್ಷಕರಿಗೆ ಲಿಖಿತ ದೂರು ಕೊಡಿ. ಅಲ್ಲಿ ಮುಚ್ಚಿಹಾಕುವ ಸೂಚನೆ ಕಂಡರೆ ಬಿಇಒ ಕಚೇರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ ಹೋಗಿ, ಇಲ್ಲವೇ 1098ಕ್ಕೆ ಕರೆ ಮಾಡಿ. ಗ್ರೂಪಿನಲ್ಲಿ ‘ಯಾರೂ ಮುಂದೆ ಕಳಿಸಬೇಡಿ, ಅಡ್ಮಿನ್ ತೆಗೆದುಹಾಕಲಿ’ ಎಂದಷ್ಟೇ ಬರೆದರೆ ಸಾಕು.

ಬಟ್ಟೆ ಬದಲಿಸುವಾಗ, ಶೌಚಾಲಯದಲ್ಲಿ ತೆಗೆದದ್ದು ಅಥವಾ ಮುಖ ಅಂಟಿಸಿ ಮಾಡಿದ ನಗ್ನ ಚಿತ್ರವಾದರೆ ದಾರಿಯೇ ಬೇರೆ. ‘ಸಾಕ್ಷ್ಯಕ್ಕೆ ಇರಲಿ’ ಎಂದು ಇನ್ನೊಬ್ಬರಿಗೆ ಕಳಿಸುವುದು ಬೇಡವೇ ಬೇಡ. ಕಳಿಸಿದವರ ನಂಬರು, ಗ್ರೂಪಿನ ಹೆಸರು, ಸಮಯ ಬರೆದಿಟ್ಟುಕೊಂಡು ಕೂಡಲೇ ಪೊಲೀಸರ ಬಳಿ ಹೋಗಿ. ಮಕ್ಕಳ ಅಶ್ಲೀಲ ದೃಶ್ಯವನ್ನು ದೂರು ಕೊಡದೆ ಇಟ್ಟುಕೊಳ್ಳುವುದೂ ಪೋಕ್ಸೊ ಕಾಯ್ದೆಯಡಿ ಅಪರಾಧವಾಗಬಲ್ಲದು ಎಂಬುದನ್ನು 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಇಂಥ ಚಿತ್ರಗಳು ಜಾಲತಾಣಗಳಲ್ಲಿ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಚಿತ್ರವನ್ನು ಅವರಿಗೆ ಕಳಿಸಬೇಕಾಗಿಯೇ ಇಲ್ಲ.

ಇನ್ನು ಪಾಠ ಮಾಡುವಾಗ ಮೇಷ್ಟ್ರ ಮಾತಿನ ಧಾಟಿ ಅಣಕಿಸಿ ರೀಲ್ಸ್ ಮಾಡುವ ಮಕ್ಕಳು. ಇದರಲ್ಲಿ ಕ್ರೌರ್ಯಕ್ಕಿಂತ ಲೈಕುಗಳ ಆಸೆಯೇ ಹೆಚ್ಚು. ಆದರೂ ಮರುದಿನ ಅದೇ ನಲವತ್ತು ಮಕ್ಕಳ ಮುಂದೆ ನಿಲ್ಲಬೇಕಾದ ಮೇಷ್ಟ್ರಿಗೆ ಏನನ್ನಿಸುತ್ತದೆ ಎಂಬುದನ್ನು ಮಗು ಅವರ ಬಾಯಿಂದಲೇ ಕೇಳಬೇಕು. ಎದುರು ಕೂತು ಕ್ಷಮೆ ಕೇಳಿಸಿ, ಪೋಸ್ಟ್ ತೆಗೆಸಿ, ಕೆಲವು ದಿನ ಮೊಬೈಲ್ ಇಲ್ಲದಂತೆ ಮಾಡಿ. ಅಸೆಂಬ್ಲಿಯಲ್ಲಿ ಎಲ್ಲರೆದುರು ನಿಲ್ಲಿಸುವುದಕ್ಕೆ ಮಾತ್ರ ಒಪ್ಪಬೇಡಿ; ಅಲ್ಲಿ ಮಗು ಕಲಿಯುವುದು ಅವಮಾನ ಮಾಡುವ ವಿದ್ಯೆಯನ್ನೇ.

ಕೆಲವು ಶಾಲೆಗಳು ನೇರವಾಗಿ ಟಿ.ಸಿ. ಮಾತೆತ್ತುತ್ತವೆ. ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಇದನ್ನು ಜಗಳಕ್ಕೆ ನಿಲ್ಲದೆ, ಮೆಲುದನಿಯಲ್ಲೇ ನೆನಪಿಸಿ. ತಪ್ಪನ್ನು ಬಯಲಿಗೆ ತಂದ ಮಗುವನ್ನೇ ‘ಮೊಬೈಲ್ ತಂದದ್ದೇಕೆ’ ಎಂದು ಹಿಡಿದರೆ, ನಾಳೆ ಇನ್ನೂ ಕೆಟ್ಟದ್ದು ಕಂಡರೂ ಯಾರೂ ಬಾಯಿ ಬಿಡುವುದಿಲ್ಲ. ಮೊಬೈಲ್ ತಂದದ್ದಕ್ಕೆ ನಿಯಮದಂತೆ ಏನುಂಟೋ ಅದಾಗಲಿ, ದೂರಿನ ವಿಚಾರಣೆ ಬೇರೆಯಾಗಿಯೇ ನಡೆಯಲಿ. ಮುಖ್ಯಶಿಕ್ಷಕರ ಕೋಣೆಯಿಂದ ಏಳುವ ಮುನ್ನ ಇನ್ನೊಂದು ಮಾತು ಕೇಳಿ: ವಿಡಿಯೊದಲ್ಲಿ ಕಾಣುವ ಹುಡುಗನ ಅಪ್ಪ ಅಮ್ಮನ ಹತ್ತಿರ ಶಾಲೆಯವರು ಮಾತಾಡಿದ್ದಾರೆಯೇ? ಇಲ್ಲವೆಂದರೆ ಮಿಕ್ಕ ಸಭೆಗಳಿಗಿಂತ ಮೊದಲು ಅದು ನಡೆಯಲಿ.